ಗೋಡೆಯಾಚೆ ಎಳೆಯಮ್ಮ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಎಳೆಯಮ್ಮ ಎಂದೇ. ಸ್ಫಟಿಕದ ಕಡ್ಡಿಯನ್ನು ಉರಿಯಲ್ಲಿ ಬೆಳ್ಳಗೆ ಕಾಯಿಸಿ, ಉಸಿರು ಬಿಗಿಹಿಡಿದು, ಕೂದಲಿಗಿಂತ ತೆಳ್ಳನೆಯ ಎಳೆ ತೆಗೆಯುವುದು ಅವಳ ಕಸುಬು. ಹತ್ತರಲ್ಲಿ ಒಂಬತ್ತು ಪಟ್ಟನೆ ತುಂಡಾಗುತ್ತಿದ್ದವು. ಉಳಿದ ಒಂದರಲ್ಲಿ ನೆಲಮಾಳಿಗೆಯ ತಕ್ಕಡಿ ತೂಗುತ್ತಿತ್ತು.

ತಕ್ಕಡಿ ಎಂದರೆ ಅಂಗಡಿಯದಲ್ಲ. ಎಳೆಯ ತುದಿಗೆ ಅಡ್ಡಲಾಗಿ ಒಂದು ಕೋಲು; ಕೋಲಿನ ಒಂದು ಕಡೆ ಚಿನ್ನದ ಗುಂಡು, ಇನ್ನೊಂದು ಕಡೆ ಅಷ್ಟೇ ತೂಕದ ಅಲ್ಯೂಮಿನಿಯಂ ಗುಂಡು. ಸೂರ್ಯ ಎರಡನ್ನೂ ಒಂದೇ ಸಮ ಸೆಳೆಯುತ್ತಾನೋ, ಒಂದರ ಮೇಲೆ ತುಸು ಹೆಚ್ಚು ಪ್ರೀತಿಯೋ? ಹೆಚ್ಚಿದ್ದರೆ, ಭೂಮಿ ತಿರುಗಿದಂತೆ ಕೋಲೂ ದಿನಕ್ಕೊಮ್ಮೆ ಅತ್ತಿತ್ತ ಹೊರಳಬೇಕು. ಆಗ ಗುರುತ್ವದ ಬಗ್ಗೆ ಬಲ್ಲವರು ಬರೆದಿಟ್ಟದ್ದನ್ನೆಲ್ಲ ತಿದ್ದಬೇಕಾಗುತ್ತದೆ. ಎಳೆಯಮ್ಮ ಕೆಲಸಕ್ಕೆ ಸೇರಿದಾಗಿನಿಂದ ಕೋಲು ಹೊರಳಿರಲಿಲ್ಲ.

"ಏನೂ ಇಲ್ಲ ಅಂತ ಕಂಡುಹಿಡಿಯೋಕೆ ಇಷ್ಟು ವರ್ಷ ಬೇಕಾ? ನನ್ನ ತಲೆ ಬಿಚ್ಚಿ ನೋಡಿದ್ರೆ ಸಾಕಿತ್ತಲ್ಲೇ," ಎಂದು ಗಂಡ ರೇಗಿಸುತ್ತಿದ್ದ. ಮೊದಮೊದಲು ನಗುತ್ತಿದ್ದಳು. ನಿವೃತ್ತಿ ಹತ್ತಿರವಾದಂತೆ ನಗು ಬರದಾಯಿತು. ತನ್ನ ಕೈಯ ಎಳೆ ಒಂದೇ ಒಂದು ಸಲ ಹೊರಳಲಿ, ಅದನ್ನು ಕಣ್ಣಾರೆ ನೋಡಿ ಮನೆಗೆ ಹೋಗುತ್ತೇನೆ ಎಂಬ ಹಂಬಲ. ಹುಚ್ಚು ಆಸೆಯೇ ಸರಿ. ಆದರೆ ಆಸೆಗೆ ಬುದ್ಧಿ ಹೇಳಿ ಗೆದ್ದವರುಂಟೇ?

ಕೊನೆಯ ಎಳೆಯನ್ನು ತೂಗುಬಿಟ್ಟ ಮೇಲೆ ಕೋಣೆಗೆ ಬೀಗ ಬಿತ್ತು. ಹತ್ತಿರ ನಿಂತವರ ಮೈಭಾರವೂ ಕೋಲನ್ನು ಸೆಳೆದೀತು ಎಂದು ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು. ಪಕ್ಕದ ಉಗ್ರಾಣದ ಕೀಲಿ ಅವಳ ಬಳಿಯೇ ಇತ್ತು; ಕಡ್ಡಿಗಳನ್ನು ಇಡುತ್ತಿದ್ದದ್ದು ಅಲ್ಲೇ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಲ್ಲಿಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂರತೊಡಗಿದಳು. ಕೇಳಿಸುವುದಕ್ಕೆ ಏನೂ ಇರಲಿಲ್ಲ. ಗೋಡೆಯಾಚೆ ಇದೆಯಲ್ಲ ಎಂಬುದೊಂದೇ ಸಮಾಧಾನ.

ಆ ವಾರವೇ, ಪ್ರಯೋಗ ನಡೆಸುತ್ತಿದ್ದ ಪ್ರೊಫೆಸರ್ ಮೇಡಂ ಓಡಿ ಬಂದರು. "ಎಳೆಯಮ್ಮ, ತಿರುಗ್ತಿದೆ ಕಣ್ರೀ! ದಿನಾ ಒಂದು ಸಲ, ಲೆಕ್ಕ ಹಾಕಿದ ಹಾಗೆ!"

ಎಳೆಯಮ್ಮ ಉರಿ ಆರಿಸುವುದನ್ನೂ ಮರೆತು ಅತ್ತಳು. ಸಂಜೆ ಸುದ್ದಿ ಕೇಳಿದ ಗಂಡ, ಅಪರೂಪಕ್ಕೆ, ಬಾಯಿ ಮುಚ್ಚಿಕೊಂಡು ಅವಳಿಗೊಂದು ಲೋಟ ಟೀ ಮಾಡಿಕೊಟ್ಟ.

ಕೆಲವು ವಾರ ಕಳೆದ ಮೇಲೆ ಮೇಡಂ ಮತ್ತೆ ಬಂದರು. ಈ ಸಲ ಮುಖ ಸಪ್ಪಗಿತ್ತು. "ಭಾನುವಾರ ಮಾತ್ರ ಅಲ್ಲಾಡ್ತಿಲ್ಲ. ಸೂರ್ಯ ಭಾನುವಾರ ರಜೆ ಹಾಕ್ತಾನೇನ್ರೀ? ಪಂಪು, ಲಿಫ್ಟು ಎಲ್ಲ ನೋಡಿದ್ದಾಯ್ತು. ಕೊನೆಗೆ ಉಗ್ರಾಣ ತೆಗೆಸಿದ್ರೆ ನಿಮ್ಮ ಊಟದ ಡಬ್ಬಿ ಸಿಕ್ತು."

"ನಾನಾ?"

"ನೀವೇ. ನೀವು ಕೂತ ಕಡೆಗೇ ಕೋಲು ವಾಲಿದೆ."

ಎಳೆಯಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲರ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತಲ್ಲ ಎಂದು ಕೈಮುಗಿದಳು. ಮೇಡಂ ಬೈಯಲಿಲ್ಲ. ಆದರೆ ನಾಚಿಕೆಯ ಹಿಂದೆಯೇ ಇನ್ನೊಂದು ಮಾತು ಮೆಲ್ಲಗೆ ಎದೆಗೆ ಬಂದು ಕೂತಿತು: ಅದು ನನ್ನ ಕಡೆಗೆ ತಿರುಗಿದೆ. ಸೂರ್ಯನ ಕಡೆಗಲ್ಲ, ನನ್ನ ಕಡೆಗೆ.

ಖಾತ್ರಿಗೆಂದು ಬೆಂಚಿನ ಮೇಲೆ ಅವಳಷ್ಟೇ ತೂಕದ ಮರಳು ಇಟ್ಟು ನೋಡುವುದೆಂದಾಯಿತು. ಎಳೆಯಮ್ಮನೇ ತೂಕದ ಯಂತ್ರ ಹತ್ತಿ ನಿಂತಳು, ತಾನೇ ಚೀಲಗಳಿಗೆ ಮರಳು ತುಂಬಿ ಬಾಯಿ ಹೊಲಿದಳು. ಹೊಲಿಯುವಾಗಲೆಲ್ಲ ಒಂದೇ ಬೇಡಿಕೆ: ಮರಳಿಗೆ ಸ್ವಲ್ಪ ಕಡಿಮೆ ತಿರುಗಲಿ. ಕೂದಲೆಳೆಯಷ್ಟು ಕಡಿಮೆಯಾದರೂ ಸಾಕು.

ಮಧ್ಯಾಹ್ನ ಅವಳು ಕೂರುವ ಹೊತ್ತಿಗೆ ಚೀಲಗಳನ್ನು ಇಟ್ಟರು, ಏಳುವ ಹೊತ್ತಿಗೆ ತೆಗೆದರು. ಮರುದಿನ ಮೇಡಂ ಅವಳನ್ನು ಕರೆದು ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿದರು. ಅವಳು ಕೂತ ದಿನ ಕೋಲು ಹೊರಳಿದ ಗೆರೆ ಕೆಂಪು, ಮರಳಿನದು ನೀಲಿ.

"ನೀವೇ ನೋಡಿ ಹೇಳಿ. ವ್ಯತ್ಯಾಸ ಏನಾದ್ರೂ ಕಾಣುತ್ತಾ?"

ಎಳೆಯಮ್ಮ ಕನ್ನಡಕ ಒರೆಸಿಕೊಂಡು ನೋಡಿದಳು. ಗೆರೆಯ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ, ಮತ್ತೆ ಮೊದಲಿನಿಂದ ನೋಡಿದಳು. ಮೇಡಂ ಅವಸರ ಮಾಡಲಿಲ್ಲ.

"ಇಲ್ಲ ಮೇಡಂ," ಎಂದಳು ಕೊನೆಗೆ. "ಅದಕ್ಕೆ ನಾನೂ ಒಂದೇ, ಮರಳೂ ಒಂದೇ."