ಮಾತಿನ ಮಿಸ್ಸು, ಒಂದು ತೋಳಿನ ಜಾಗ

ಶಾಲೆಯ ಸಮಾಜ ಕಾರ್ಯಕರ್ತೆಯನ್ನು ಮಕ್ಕಳು ‘ಮಾತಿನ ಮಿಸ್ಸು’ ಎನ್ನುತ್ತಿದ್ದರು. ಪಾಠವಿಲ್ಲ, ಪರೀಕ್ಷೆಯಿಲ್ಲ, ಬರೀ ಮಾತು. ಹನ್ನೊಂದು ವರ್ಷಗಳಿಂದ ಅವರು ಎರಡನೇ ತರಗತಿಯವರಿಗೆ ಹೇಳಿಕೊಡುತ್ತಿದ್ದುದು ಒಂದೇ: ನಿಮ್ಮ ಸುತ್ತಲಿನ ಒಂದು ತೋಳಿನಷ್ಟು ಜಾಗ ನಿಮ್ಮದು, ಕೇಳದೆ ಯಾರೂ ಅದರೊಳಗೆ ಬರಬಾರದು.

ಒಂದು ದಿನ ಮಕ್ಕಳೆಲ್ಲ ಕೈ ಚಾಚಿ ಗಿರಗಿರನೆ ತಿರುಗಿ ತಮ್ಮ ತಮ್ಮ ಜಾಗ ಅಳೆದುಕೊಂಡರು. ಕೊನೆಗೆ “ಬೇಡ ಅಂತ ಯಾರಿಗೆಲ್ಲ ಹೇಳಬಹುದು?” ಎಂದು ಅವರು ಕೇಳಿದಾಗ, ಯಾವತ್ತೂ ತುಟಿಪಿಟಕ್ಕೆನ್ನದ ಹುಡುಗಿಯೊಬ್ಬಳು ಎದ್ದು ನಿಂತಳು.

“ನಿಮಗೂ ಹೇಳಬಹುದಾ ಮಿಸ್?”

“ಓಹೋ, ಹೇಳಬಹುದು. ಯಾಕಮ್ಮ?”

“ದಿನಾ ಗೇಟ್ ಹತ್ರ ನನ್ನ ಕೆನ್ನೆ ಹಿಂಡ್ತೀರಲ್ಲ, ಅದು ನಂಗಿಷ್ಟ ಇಲ್ಲ.”

ಮಿಸ್ಸಿನ ಮುಖ ಕೆಂಪೇರಿತು. ‘ಮುದ್ದಿಗೆ ಮಾಡಿದ್ದು’ ಎಂಬ ಸಮಜಾಯಿಷಿ ನಾಲಿಗೆಯ ತುದಿಗೆ ಬಂದಿತ್ತು. ಕೇಳದೆ ಮುಟ್ಟುವವರೆಲ್ಲ ಹೇಳುವುದು ಅದನ್ನೇ ಎಂದು ಹೊಳೆದು ನುಂಗಿಕೊಂಡರು.

“ತಪ್ಪಾಯ್ತು ಪುಟ್ಟಿ. ಇನ್ಮೇಲೆ ಮುಟ್ಟಲ್ಲ. ನೀನು ಹೇಳಿದ್ದೇ ಒಳ್ಳೇದಾಯ್ತು.”

ಮರುದಿನ ಬೆಳಿಗ್ಗೆ ಗೇಟಿನ ಬಳಿ ಅಭ್ಯಾಸಬಲದಿಂದ ಮೇಲೆದ್ದ ಕೈಯನ್ನು ಅವರು ಬೆನ್ನ ಹಿಂದೆ ಕಟ್ಟಿಕೊಂಡರು. ಯಾವಾಗಲೂ ತಲೆ ತಗ್ಗಿಸಿ ಓಡುತ್ತಿದ್ದ ಹುಡುಗಿ ಅಂದು ನಿಂತು, ತಾನಾಗಿಯೇ “ಗುಡ್ ಮಾರ್ನಿಂಗ್ ಮಿಸ್” ಎಂದು ನಿಧಾನವಾಗಿ ಒಳಗೆ ನಡೆದಳು.