ಬಾಯಿಮಾತಿಗೆ ಕರೆದ ಪ್ರವಾಸ

ಪ್ರವಾಸ ಹೋಗುವುದಕ್ಕಿಂತ ಪ್ರವಾಸದ ಪಟ್ಟಿ ಮಾಡುವುದರಲ್ಲಿ ನನಗೆ ಹೆಚ್ಚು ಸುಖ. ಇದನ್ನು ಇದುವರೆಗೆ ಯಾರಿಗೂ ಹೇಳಿಕೊಂಡವಳಲ್ಲ. ಪೆನ್ಸಿಲಿನಲ್ಲಿ ಗೆರೆ ಹಾಕಿ, ಎಡಕ್ಕೆ ಗಂಟೆ, ನಡುವೆ ಸ್ಥಳ, ಬಲಕ್ಕೆ ‘ಗಮನಿಸಿ’ ಎಂದು ಬರೆದು, ಒಂದು ಇಡೀ ದಿನವನ್ನು ಕಾಲು ಕಾಲು ಗಂಟೆಯ ಹೋಳುಗಳಾಗಿ ಹೆಚ್ಚಿಟ್ಟರೆ, ಆ ದಿನ ಆಗಲೇ ಸುಸೂತ್ರವಾಗಿ ಮುಗಿದುಹೋದಷ್ಟು ನೆಮ್ಮದಿ. ಆಮೇಲೆ ನಿಜವಾಗಿ ಹೋಗಿಬರುವುದು ಬರಿಯ ಶಾಸ್ತ್ರ. ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ಈ ಕಾಯಿಲೆ ಇರುತ್ತದೆಂದು ಹೇಳಲಾರೆ. ನನಗಿದೆ.

ಅಂಥ ಒಂದು ಪಟ್ಟಿ ಈಗ ನನ್ನ ಮುಂದಿದೆ. ಕಳೆದ ದಸರಾ ರಜೆಯದು. ಅದರ ತಲೆಯ ಮೇಲೆ ‘ಬರುವವರು’ ಎಂಬ ಸಾಲಿನಲ್ಲಿ ಒಂದು ಹೆಸರನ್ನು ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿದ ಗುರುತಿದೆ. ರಬ್ಬರು ಉಜ್ಜಿ ಉಜ್ಜಿ ಕಾಗದ ಅಲ್ಲಿ ಎಷ್ಟು ತೆಳುವಾಗಿದೆಯೆಂದರೆ ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಕಾಣುತ್ತದೆ. ನಾನು ಹೇಳಹೊರಟಿರುವುದು ಆ ತೆಳುವಾದ ಜಾಗದ ಕಥೆಯನ್ನು.

ಗದಗಿನಲ್ಲಿ ಶಾಲಾ ಶಿಕ್ಷಕಿಯಾಗಿರುವ ನನ್ನ ಅಕ್ಕ, ಆರು ವರ್ಷದ ಮಗಳು ಸಿಂಚನಾಳನ್ನು ಕರೆದುಕೊಂಡು ಎರಡು ದಿನಕ್ಕೆ ಬರುವವಳಿದ್ದಳು. ಮಗುವಿಗೆ ಜೀಬ್ರಾ ನೋಡಬೇಕಿತ್ತು. ಬನ್ನೇರುಘಟ್ಟ ರಸ್ತೆ ಹಿಡಿದು ಹುಳಿಮಾವು ದಾಟಿ ಇನ್ನೂ ಮುಂದೆ ಹೋದರೆ ಒಂದು ಪಾರ್ಕು ಸಿಗುತ್ತದೆ. ಅರ್ಧ ಪ್ರಾಣಿಗಳದ್ದು, ಅರ್ಧ ಪುಟಾಣಿ ರೈಲು ಮತ್ತು ಜಾರುಬಂಡೆಗಳದ್ದು. ಪ್ರಾಣಿಗಳನ್ನು ನೋಡಿ ನಮಗೆ ಬೇಸರವಾದರೆ ಆಟವಾಡಬಹುದು, ಬೇಸರ ಪ್ರಾಣಿಗಳಿಗಾದರೆ ಅವು ನಾವು ಆಡುವುದನ್ನು ನೋಡಬಹುದು. ಭಾನುವಾರಕ್ಕೆ ನಾನು ಪಟ್ಟಿ ಮಾಡಿದೆ. ಬೆಳಿಗ್ಗೆ ಏಳಕ್ಕೆ ಹೊರಡುವುದು. ಜೀಬ್ರಾಕ್ಕೆ ಹದಿನೈದು ನಿಮಿಷ, ಹುಲಿಗೆ ಇಪ್ಪತ್ತು, ಆನೆಗೆ ಹತ್ತು. ಆನೆಗೆ ಯಾಕೆ ಕಡಿಮೆಯೆಂದರೆ, ಆನೆಯನ್ನು ಎಲ್ಲರೂ ಒಂದಲ್ಲ ಒಂದು ಕಡೆ ನೋಡಿಯೇ ಇರುತ್ತಾರೆ.

ನಾನು ಬಿಟಿಎಂ ಬಡಾವಣೆಯಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಕೆಳಗೆ ಮಾಲೀಕರ ತಾಯಿ ಮುನಿಲಕ್ಷ್ಮಮ್ಮ. ಬಡಾವಣೆಯಾಗುವ ಮೊದಲು ಇಲ್ಲಿ ಅವರದೇ ರಾಗಿ ಹೊಲವಿತ್ತಂತೆ, ನನ್ನ ಅಡುಗೆಮನೆಯ ನೇರ ಕೆಳಗೆ ಬಾವಿಯಿತ್ತಂತೆ. ಎಪ್ಪತ್ತು ದಾಟಿದ ಅಜ್ಜಿ, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ನಾಲ್ಕು ವರ್ಷದಲ್ಲಿ ನಾವು ಆಡಿದ ಮಾತುಗಳನ್ನು ಒಂದು ಪುಟದಲ್ಲಿ ಬರೆಯಬಹುದು. ನೀರು ಬಂತಾ, ಕರೆಂಟು ಹೋಯ್ತಾ, ಊಟ ಆಯ್ತಾ.

ಆ ಮಂಗಳವಾರ ಸಂಜೆ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ನನ್ನ ಕೈಯಲ್ಲಿದ್ದ ಕಾಗದ ನೋಡಿ ಏನದು ಎಂದರು. ಹೇಳಿದೆ. ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಅಷ್ಟಕ್ಕೇ ನಿಲ್ಲಿಸಿದರೆ ಒರಟಾಗುತ್ತದೆಂದು ತೋರಿ ಬಾಯಿ ತಾನಾಗಿ ಸೇರಿಸಿತು, “ನೀವೂ ಬನ್ನಿ ಅಜ್ಜಿ.”

ಇಲ್ಲಿ ಬೆಂಗಳೂರಿನ ಬಾಯಿಮಾತಿನ ಕರೆಯ ಬಗ್ಗೆ ಎರಡು ಮಾತು ಹೇಳಬೇಕು. ಇದೊಂದು ಆಟ. ಒಬ್ಬರು ಬನ್ನಿ ಅನ್ನಬೇಕು, ಇನ್ನೊಬ್ಬರು ಅಯ್ಯೋ ಎಲ್ಲಾಗುತ್ತೆ, ನೀವು ಹೋಗ್ಬನ್ನಿ ಅನ್ನಬೇಕು. ಇಬ್ಬರಿಗೂ ಗೌರವ ಸಂದಾಯವಾಗಿ, ಇಬ್ಬರೂ ಎಲ್ಲಿದ್ದರೋ ಅಲ್ಲೇ ಉಳಿಯುತ್ತಾರೆ. ಊರಿನಿಂದ ಬಂದ ಹೊಸತರಲ್ಲಿ ನನಗಿದು ತಿಳಿದಿರಲಿಲ್ಲ. ನಮ್ಮ ಗದಗಿನ ಕಡೆ ಊಟಕ್ಕ ಬರ್ರಿ ಎಂದರೆ ಆಗಲೇ ಹಂಚಿನ ಮೇಲೆ ರೊಟ್ಟಿ ಬಿದ್ದಿದೆ ಎಂದರ್ಥ. ಇಲ್ಲಿ ಆಫೀಸಿನ ಹಿರಿಯರೊಬ್ಬರು, ಹನುಮಂತನಗರದವರು, ಒಂದ್ಸಲ ಮನೆ ಕಡೆ ಬನ್ನಿ ಎಂದು ಮೂರು ಬಾರಿ ಹೇಳಿದ್ದರು. ನಾನು ಒಂದು ಭಾನುವಾರ ಮೂಸಂಬಿ ಹಿಡಿದು ಹೋಗಿಯೇಬಿಟ್ಟೆ. ಅವರು ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರು. ಕಾಫಿ ಕೊಟ್ಟರು, ತುಂಬ ಮರ್ಯಾದೆಯಿಂದ ಮಾತಾಡಿಸಿದರು. ಆದರೆ ಒಳಗೆ ಪಾತ್ರೆಗಳನ್ನು ಇಡುತ್ತಿದ್ದ ಸದ್ದಿನಲ್ಲಿ ನನಗೆ ಎಲ್ಲ ಅರ್ಥವಾಯಿತು. ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಿಂದಿನವರು ಹೇಳುತ್ತಿದ್ದರು. ತಿಥಿ ಹೇಳದೆ ಕರೆಯುವುದು ನಮ್ಮ ಕಾಲದ ಸುಧಾರಣೆ. ಆ ಸಂಜೆ ಇಳಿಜಾರಿನಲ್ಲಿ ಬಸ್ಸಿಗಾಗಿ ಕಾಯುತ್ತ, ಇನ್ನು ಜನ್ಮದಲ್ಲಿ ಯಾರ ಕರೆಯನ್ನೂ ನಂಬಬಾರದು ಎಂದುಕೊಂಡೆ. ಕರೆಯುವುದನ್ನು ಮಾತ್ರ ಚೆನ್ನಾಗಿ ಕಲಿತುಕೊಂಡೆ.

ಅಜ್ಜಿ ಅಯ್ಯೋ ಅನ್ನಲಿಲ್ಲ. ಸೊಪ್ಪಿನಿಂದ ತಲೆಯೆತ್ತಿ, “ಯಾವತ್ತು?” ಎಂದರು.

“ಭಾನುವಾರ.”

“ಎಷ್ಟೊತ್ಗೆ?”

“ಏಳಕ್ಕೆ.”

“ಆಯ್ತು, ಬತ್ತೀನಿ.”

ಮೆಟ್ಟಿಲು ಹತ್ತಿ ಮೇಲೆ ಬಂದು ಹೆಸರು ಬರೆದೆ. ಬರೆದ ಮೇಲೆ ಅದು ಇಡೀ ಪಟ್ಟಿಯ ಮೇಲೆ ಕೂತಂತೆ ಕಂಡಿತು. ಅಜ್ಜಿ ನಿಧಾನ ನಡೆಯುತ್ತಾರೆ, ನನ್ನ ಹದಿನೈದು ನಿಮಿಷಗಳೆಲ್ಲ ಅರ್ಧ ಗಂಟೆಯಾಗುತ್ತವೆ. ವರ್ಷಕ್ಕೊಮ್ಮೆ ಸಿಗುವ ಅಕ್ಕನ ಜೊತೆ ನಮ್ಮದೇ ಮಾತಿನಲ್ಲಿ ಮನಸ್ಸು ಬಿಚ್ಚಿ ಹರಟುವ ಹಾಗಿಲ್ಲ. ಈ ಎರಡು ಕಾರಣಗಳನ್ನು ನಾನು ಯಾರ ಮುಂದೆಯೂ ಹೇಳಬಲ್ಲೆ. ಮೂರನೆಯದು ಹೀಗಿದೆ: ಅವರು ಜನರ ನಡುವೆ ಎಲ್ಲಾದರೂ ಉಗುಳಿದರೆ, ಜೊತೆಯಲ್ಲಿ ನಾನಿರುತ್ತೇನಲ್ಲ. ಅವರು ಕಂಡಕಂಡಲ್ಲಿ ಉಗುಳಿದ್ದನ್ನು ನಾನು ನೋಡಿಲ್ಲ. ಅದಕ್ಕೆಂದೇ ಗೇಟಿನ ಪಕ್ಕ ಮಣ್ಣು ತುಂಬಿದ ಹಳೆಯ ಪೇಂಟ್ ಡಬ್ಬವೊಂದಿದೆ. ನಾಲ್ಕು ವರ್ಷ ಆ ಡಬ್ಬವನ್ನು ದಾಟಿ ಓಡಾಡಿಯೂ ನನಗೆ ಹಾಗನ್ನಿಸಿತು. ಹೆಸರು ಅಳಿಸಿದೆ.

ಅಳಿಸಿದ್ದು ಕಾಗದದಲ್ಲಿ ಮಾತ್ರ. ಅಜ್ಜಿಯನ್ನು ಅವರ ಬಾಯಿಂದಲೇ ಒಲ್ಲೆ ಅನ್ನಿಸಬೇಕಿತ್ತು. ಬುಧವಾರ ಬೆಳಿಗ್ಗೆ ಆಫೀಸಿಗೆ ಹೊರಟವಳು ಬೆಂಚಿನ ಹತ್ತಿರ ನಿಂತು, ತುಂಬಾ ನಡೀಬೇಕಾಗುತ್ತೆ ಅಜ್ಜಿ, ಎಂದೆ. ನಡೆಯುವುದೇನು ಹೊಸದೇ ಎಂದರು. ಬಿಸಿಲು ಎಂದೆ. ಸೆರಗಿದೆ ಎಂದರು. ಕಡೆಗೆ, ನನ್ನ ಕೈಯಲ್ಲಿದ್ದ ಕಾಗದದ ‘ಗಮನಿಸಿ’ ಕಾಲಂ ನೋಡಿ ಓದುವವಳ ಹಾಗೆ, “ಒಳಗೆ ಎಲೆ ಅಡಿಕೆ ಬಿಡಲ್ಲ ಅಜ್ಜಿ. ಗೇಟಲ್ಲೇ ಚೀಲ ತೆಗೆಸಿ ನೋಡ್ತಾರಂತೆ,” ಎಂದೆ. ಕಾಗದದಲ್ಲಿ ಅದು ಇರಲಿಲ್ಲ. ಅಂಥ ನಿಯಮ ಇದೆಯೋ ಇಲ್ಲವೋ ನನಗೆ ತಿಳಿದೂ ಇರಲಿಲ್ಲ. ಊಹೆಯನ್ನು ಸತ್ಯವೆಂದು ಬರೆಯಬಾರದು ಎಂಬುದು ನನ್ನ ಓದಿನ ಮೊದಲ ಪಾಠ.

ಅಜ್ಜಿ ಮಡಿಲಲ್ಲಿದ್ದ ಎಲೆ ಅಡಿಕೆಯ ಸಂಚಿಯನ್ನು ಮುಟ್ಟಿ ನೋಡಿಕೊಂಡರು. ಗೆದ್ದೆ ಎಂದುಕೊಂಡೆ. ಆಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ನಮ್ಮಪ್ಪನ ಮನೆ ಆ ಕಾಡಂಚಲ್ಲೇ ಇದ್ದಿದ್ದು ಕಣಮ್ಮ. ರಾಗಿ ತೆನೆ ಕಟ್ಟೋ ಹೊತ್ಗೆ ಸರಿಯಾಗಿ ಆನೆ ಬಂದ್ಬುಡೋವು. ನಾವು ತಗಡು ಬಡ್ಕೊಂಡು ಕೂರೋದು. ವರ್ಸಾ ವರ್ಸಾ ಕರೀದೇನೇ ನಮ್ಮನೆಗೆ ಬಂದವ್ರು ಅವ್ರು. ನಾನ್ ಒಂದಿನಾನೂ ಅವ್ರ ಮನೆಗೆ ಹೋಗಿಲ್ಲ. ಮಕ್ಳು ಮೊಮ್ಮಕ್ಳು ಎಲ್ಲಾ ಹೋಗ್ಬಂದ್ರು. ಮನೆ ನೋಡ್ಕೋ ಅಂತ ನನ್ನ ಬುಟ್ಟೋಗೋರು. ಈಗ ನೀನು ಕರ್ದಿದೀಯ.” ಆಮೇಲೆ ಎಲೆ ಅಡಿಕೆಯ ವಿಷಯಕ್ಕೆ ಬಂದು, “ಒಂದಿನ ತಾನೇ, ಬುಡ್ತೀನಿ. ಈಗಿಂದ್ಲೇ ರೂಢಿ ಮಾಡ್ಕೋತೀನಿ,” ಎಂದರು.

ಮಾಡಿಕೊಂಡರು ಕೂಡ. ಗುರುವಾರ ಬೆಂಚಿನ ಮೇಲೆ ಎಲೆ ಅಡಿಕೆಯ ಸಂಚಿ ಇರಲಿಲ್ಲ. ಶುಕ್ರವಾರ ಅಜ್ಜಿ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು ಕೂತಿದ್ದರು. ನಾನು ಫೋನಿನಲ್ಲಿ ಏನೋ ನೋಡುತ್ತ ಹಾದುಹೋದೆ. ಫೋನಿನಲ್ಲಿ ಏನೂ ಇರಲಿಲ್ಲ.

ಶನಿವಾರ ಅಕ್ಕ ಬಂದಳು. ಚೀಲ ಇಳಿಸಿ ಅರ್ಧ ಗಂಟೆಯಲ್ಲಿ ಕೆಳಗೆ ಅಜ್ಜಿಯ ಜೊತೆ ಕೂತು, ನಾನು ನಾಲ್ಕು ವರ್ಷದಲ್ಲಿ ತಿಳಿಯದ್ದನ್ನೆಲ್ಲ ತಿಳಿದುಕೊಂಡು ಮೇಲೆ ಬಂದಳು. “ಪಾಪ, ಎಲಿ ಅಡಿಕಿ ಬಿಟ್ಟು ತಲಿ ಹಿಡ್ಕೊಂಡು ಕುಂತಾರ ನೋಡು. ಪಾರ್ಕಿನ್ಯಾಗ ಬಿಡೂದಿಲ್ಲಂತ. ಹಂಗಂತ ಯಾರ್ ಹೇಳ್ಯಾರಂತ ಅವರಿಗೆ?”

“ಗೊತ್ತಿಲ್ಲ,” ಎಂದೆ. ಹೆಸರನ್ನು ಮತ್ತೆ ಬರೆದದ್ದು ಆಗ. ಒಂದು ಸುಳ್ಳಿಗೆ ಒಂದು ಹೆಸರು ಸಮ ಎಂದು ನನಗೆ ಅನ್ನಿಸಿರಬೇಕು. ನಿದ್ದೆ ಹೋಗುವ ಮುನ್ನ ಅದನ್ನೂ ಅಳಿಸಿದೆ. ತಲೆನೋವು ಹೆಚ್ಚಾಗಿ ಅವರೇ ಬಾರದಿರಬಹುದು ಎಂಬ ಆಸೆ ಇನ್ನೂ ಇತ್ತು. ಇನ್ನೊಬ್ಬರ ತಲೆನೋವಿನ ಮೇಲೆ ನಾನು ಇಟ್ಟ ಆಸೆ ಅದು.

ಭಾನುವಾರ ಏಳಕ್ಕೆ ಐದು ನಿಮಿಷವಿದೆ ಅನ್ನುವಾಗ ಇಳಿದು ಬಂದೆವು. ಅಜ್ಜಿ ರೇಷ್ಮೆ ಸೀರೆ ಉಟ್ಟು, ಮೊಮ್ಮಗಳ ಬಿಳಿ ಬೂಟು ಹಾಕಿಕೊಂಡು, ಮಡಿಲಲ್ಲಿ ಒಂದು ಬಟ್ಟೆಚೀಲ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಐದೂವರೆಯಿಂದ ಕೂತಿದ್ದಾರೆಂದು ಅವರ ಸೊಸೆ ನಗುತ್ತ ಹೇಳಿದಳು. ಬಾಡಿಗೆಗೆ ಗೊತ್ತುಮಾಡಿದ್ದ ಕಾರಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಸಿಂಚನಾ ಯಾರೂ ಕೇಳದೆಯೇ ಅವರಿಗೆ ಬಿಟ್ಟುಕೊಟ್ಟಳು.

ಪಾರ್ಕಿನ ಬಾಗಿಲಲ್ಲಿ ಸಾಲು ಮುಂದೆ ಸರಿದು ನಮ್ಮ ಸರದಿ ಬಂತು. ಕಾವಲಿನವನು ಟಿಕೆಟ್ ನೋಡಿ ಒಳಗೆ ಹೋಗಿ ಎಂದು ಕೈ ಮಾಡಿದ. ಅಜ್ಜಿ ಹೋಗಲಿಲ್ಲ. ಚೀಲದ ಬಾಯಿ ಅಗಲ ಮಾಡಿ ಅವನ ಮುಂದೆ ಹಿಡಿದು, “ನೋಡ್ಕಳಪ್ಪ. ಎಲೆ ಅಡ್ಕೆ ಒಂದ್ ಚೂರೂ ತಂದಿಲ್ಲ. ಕೋಡುಬಳೆ ಐತೆ ಅಷ್ಟೇ,” ಎಂದರು.

“ಅದನ್ಯಾರ್ ಕೇಳಿದ್ರು ಅಜ್ಜಿ? ನಡೀರಿ,” ಎಂದ ಅವನು. ಮಾತಾಡಲು ಬಾಯಿಯೊಳಗಿದ್ದುದನ್ನು ಒಂದು ಕಡೆಗೆ ಒತ್ತರಿಸಿಕೊಂಡಿದ್ದ. ಹಲ್ಲು, ತುಟಿ, ನಾಲಿಗೆ ಎಲ್ಲವೂ ಕೆಂಪಗಿದ್ದವು.

ಅಜ್ಜಿ ಅವನ ಬಾಯಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಚೀಲದ ದಾರ ಬಿಗಿದು ಒಳಗೆ ನಡೆದರು.

ನಾಚಿಕೆಯಲ್ಲಿ ಎರಡು ಬಗೆ ಎಂದು ನನ್ನ ಅನುಭವ. ಬೇರೆಯವರು ಏನಂದುಕೊಂಡಾರೋ ಎನ್ನುವುದು ಒಂದು. ಅದು ಮುಖದಲ್ಲಿ ಕಾಣಿಸಿಕೊಂಡು, ಮುಖ ತೊಳೆದರೆ ಹೋಗುತ್ತದೆ. ಇನ್ನೊಂದಕ್ಕೆ ಬೇರೆಯವರು ಬೇಕಿಲ್ಲ. ಅಂದು ನಾನು ಜೀಬ್ರಾದ ಮುಂದೆ ಹದಿನೈದು ನಿಮಿಷ ನಿಂತೆ. ಪಟ್ಟೆಗಳಿದ್ದವು ಎಂಬುದರ ಹೊರತು ಬೇರೇನೂ ನೆನಪಿಲ್ಲ.

ಆನೆಗಳ ಹತ್ತಿರ ಬಂದಾಗ ಅಜ್ಜಿ ಕಟ್ಟೆಯ ಮೇಲೆ ಕೂತುಬಿಟ್ಟರು. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಒಂದು ಮುದಿ ಆನೆ ಕಂದಕದಾಚೆ ಮಣ್ಣೆರಚಿಕೊಳ್ಳುತ್ತಿತ್ತು. “ನಮ್ ರಾಗಿ ತಿಂದಿದ್ದು ನೀನಾ, ನಿಮ್ಮವ್ವನಾ?” ಎಂದು ಅಜ್ಜಿ ಅದನ್ನು ಕೇಳಿದರು. ಸಿಂಚನಾ ಬಿದ್ದು ಬಿದ್ದು ನಕ್ಕಳು. ಅಕ್ಕ ಅವಳನ್ನು ರೈಲಿನ ಕಡೆ ಕರೆದುಕೊಂಡು ಹೋದಳು. ನಾನು ಪಟ್ಟಿಯನ್ನು ಮಡಿಸಿ ಬ್ಯಾಗಿನಲ್ಲಿಟ್ಟು ಅಜ್ಜಿಯ ಪಕ್ಕ ಕೂತೆ.

ಅವರು ಆನೆಯ ಕಡೆಗೇ ನೋಡುತ್ತ ಕೇಳಿದರು, “ನಾನ್ ಬರೋದು ನಿಂಗೆ ಬೇಕಿರ್ಲಿಲ್ವಾ?”

ನನಗೆ ಗೊತ್ತಿದ್ದ ಉಪಚಾರದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಛೆ ಛೆ, ಹಾಗೆಲ್ಲ ಇಲ್ಲ, ಏನಜ್ಜಿ ನೀವು. ಒಂದನ್ನೂ ಆಡಲಾಗಲಿಲ್ಲ. “ಬೇಕಿರ್ಲಿಲ್ಲ ಅಜ್ಜಿ,” ಎಂದೆ.

ಅಜ್ಜಿ ತಲೆಯಾಡಿಸಿದರು. “ಅವತ್ತೇ ಅಂದಿದ್ರೆ ಬೆಂಚ್ ಮೇಲೆ ಎಲೆ ಅಡ್ಕೆ ಹಾಕ್ಕೊಂಡು ಕೂತಿರ್ತಿದ್ದೆ. ನಿಂಗೂ ಸುಖ, ನಂಗೂ ಸುಖ. ನಾಕ್ ದಿನ ತಲೆನೋವು ತಿಂದ್ನಲ್ಲ ಮಗಾ.” ಸಿಟ್ಟಿರಲಿಲ್ಲ. ಬಸ್ಸು ತಪ್ಪಿಹೋದದ್ದನ್ನು ಹೇಳುವ ಹಾಗೆ ಹೇಳಿದರು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಚೀಲ ಬಿಚ್ಚಿ ಒಂದು ಕೋಡುಬಳೆ ಕೊಟ್ಟರು. ತಿಂದೆ. ಆ ಸದ್ದಿಗೆ ಆನೆ ಒಮ್ಮೆ ಈ ಕಡೆ ತಿರುಗಿತು.

ಪ್ರವಾಸದ ಕಥೆ ಇಷ್ಟೆ. ಹುಲಿ ನೋಡಲು ಹೊತ್ತು ಸಾಲಲಿಲ್ಲ. ಬೆಂಚಿನ ಮೇಲೆ ಸಂಚಿ ಮರಳಿ ಬಂತು. ನಾನು ಮಾತ್ರ ಮುಂದಿನ ಹಲವು ದಿನ ಗೇಟು ದಾಟುವಾಗ ಕಳ್ಳಿಯ ಹಾಗೆ ನಡೆದೆ.

ಎರಡು ವಾರವಾದ ಮೇಲೆ ಒಂದು ಸಂಜೆ, ಮೆಟ್ಟಿಲಿಗೆ ಕಾಲಿಟ್ಟಿದ್ದೆ, ಹಿಂದಿನಿಂದ ಅಜ್ಜಿ, “ನಮ್ಮನೇಲೂ ಒಂದಿನ ಉಣ್ಣಮ್ಮ,” ಎಂದರು.

ಅಯ್ಯೋ ನಿಮಗ್ಯಾಕೆ ತೊಂದರೆ ಎಂಬ ಮಾತು ಅಭ್ಯಾಸದಂತೆ ಅರ್ಧ ಹೊರಬಂದಿತ್ತು. ಅಲ್ಲಿಗೇ ನುಂಗಿದೆ. ಇದು ಬಾಯಿಮಾತೋ, ಮನಸ್ಸಿನ ಮಾತೋ? ಬಾಯಿಮಾತೇ ಆಗಿದ್ದರೆ ಅದನ್ನು ಅವರಿಗೆ ಕಲಿಸಿದವಳು ನಾನೇ. ಗೊತ್ತಾಗಲು ಒಂದೇ ದಾರಿಯಿತ್ತು. ಅಂದು ಸೊಪ್ಪು ಬಿಡಿಸುತ್ತ ಅಜ್ಜಿ ಅಷ್ಟು ಸಲೀಸಾಗಿ ಕೇಳಿದ್ದ ಆ ಒಂದು ಪದವನ್ನು ಕೇಳುವುದಕ್ಕೆ ಎಷ್ಟು ಧೈರ್ಯ ಬೇಕೆಂದು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ನಿಂತಾಗ ತಿಳಿಯಿತು.

“ಯಾವತ್ತು ಅಜ್ಜಿ?”

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಎಲೆಯನ್ನು ಮಡಿಸಿ ಸಂಚಿಗೆ ಹಾಕಿ, ಮಂಡಿಗೆ ಕೈಕೊಟ್ಟು ಎದ್ದರು.

“ಈಗ್ಲೇ ಬಾ. ಮುದ್ದೆ ಇಳ್ಸವ್ರೆ, ಆರೋಯ್ತದೆ.”

ಆ ಸಂಜೆಯ ನನ್ನ ಪಟ್ಟಿಯಲ್ಲಿ ಬೇರೇನೋ ಇತ್ತು. ಏನೆಂದು ಈಗ ನೆನಪಿಲ್ಲ.