ಕೊನೆಯ ಮೂರು ಹಾಳೆ

ತೇಜು, ಸಿಂಚನಾ,

"ಅಜ್ಜಿ, ನೀನು ಲೈಬ್ರರಿಯಲ್ಲಿ ಏನು ಕೆಲಸ ಮಾಡ್ತಿದ್ದೆ, ಸುಮ್ನೆ ಕೂತಿರ್ತಿದ್ದೆಯಾ?" ಎಂದು ನೀವಿಬ್ಬರೂ ಎಷ್ಟೋ ಸಲ ಕೇಳಿದ್ದೀರಿ. ನಾನು ನಕ್ಕು ಸುಮ್ಮನಾಗಿದ್ದೇನೆ. ಎದುರಿಗೆ ಕೂತು ಹೇಳಲು ನನಗೆ ಮೊದಲಿನಿಂದಲೂ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಾಡಿದ ಒಳ್ಳೆಯ ಕೆಲಸದ ಕಥೆ ಇದು ಎಂದುಕೊಳ್ಳಬೇಡಿ. ನಾನು ಮಾಡಿದ ಒಂದು ತಪ್ಪಿನ ಕಥೆ.

ಕೊರೊನಾ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ. ನ್ಯಾಮತಿ ತಾಲ್ಲೂಕಿನಲ್ಲಿ, ಸವಳಂಗಕ್ಕೆ ಹತ್ತಿರದ ನಮ್ಮೂರಿನ ಪಂಚಾಯಿತಿ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕಿ. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಸಿಕ್ಕಿದ ಕೆಲಸ ಅದು. ಊರ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು, ಅಷ್ಟೇ ನನ್ನ ಯೋಗ್ಯತೆ. ಪಂಚಾಯಿತಿ ಕಟ್ಟಡದ ಪಕ್ಕದ ಒಂದು ಕೋಣೆ, ಐದು ಕಬ್ಬಿಣದ ಬೀರು, ಒಂದು ಉದ್ದನೆಯ ಮೇಜು. ಆಗ ನನಗೆ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು.

ಆ ವರ್ಷ ಜಿಲ್ಲೆಯಿಂದ ಒಂದು ಪೆಟ್ಟಿಗೆ ಪುಸ್ತಕ ಬಂತು. ಬಿಚ್ಚಿದರೆ ಮೂವತ್ತಾರು ಕಾದಂಬರಿ, ಎಲ್ಲವೂ ಹದಿಹರೆಯದವರಿಗೆಂದು ಬರೆದವು. ಹೆಚ್ಚಿನವುಗಳಲ್ಲಿ ಹದಿನಾಲ್ಕು, ಹದಿನೈದು ವರ್ಷದ ಹುಡುಗ. ಮನೆಯವರ ಮೇಲೆ ಸಿಟ್ಟು, ಶಾಲೆಯಲ್ಲಿ ಜಗಳ, ತಾನು ಯಾರು, ಯಾರ ಹಾಗೆ ಆಗಬೇಕು ಎಂದು ಗೊತ್ತಾಗದ ಸಂಕಟ. ಒಬ್ಬ ಪಂಚಾಯಿತಿ ಸದಸ್ಯರು ಒಂದನ್ನು ತಿರುವಿ ನೋಡಿ, "ಇವನ್ನ ಓದಿದ್ರೆ ಇದ್ದ ಹುಡ್ರೂ ಕೆಡ್ತಾವೆ. ಬೀರಿನಾಗೆ ಇಟ್ಟು ಬೀಗ ಹಾಕಮ್ಮ" ಅಂದರು. ನಾನು ತಲೆ ಅಲ್ಲಾಡಿಸಿದೆ. ಆದರೆ ಬೀಗ ಹಾಕುವ ಮೊದಲು ಒಂದೊಂದನ್ನೇ ಮನೆಗೆ ಒಯ್ದು ಓದಿದೆ. ಓದುತ್ತಾ ನಿಮ್ಮಪ್ಪ ನೆನಪಾದ. ನಿಮ್ಮ ಅಜ್ಜ ಹೋದಾಗ ಅವನಿಗೆ ಹದಿನಾಲ್ಕು. ಎರಡು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೊಂಡು ಬಿದ್ದಿದ್ದಾನೆ ಎಂದುಕೊಂಡಿದ್ದೆ. ಈ ಪುಸ್ತಕಗಳಲ್ಲಿ ಒಂದಾದರೂ ಆಗ ನನ್ನ ಕೈಗೆ ಸಿಕ್ಕಿದ್ದರೆ ಅವನಿಗೆ ಅಷ್ಟು ಬೈಯುತ್ತಿರಲಿಲ್ಲ. ಮೂವತ್ತಾರನ್ನೂ ಬಾಗಿಲ ಹತ್ತಿರದ ಬೀರಿನಲ್ಲಿ, ಕಣ್ಣಿಗೆ ಬೀಳುವ ಹಾಗೆ ಜೋಡಿಸಿದೆ. ಸದಸ್ಯರಿಗೆ ಹೇಳಲಿಲ್ಲ.

ಆ ಬೀರಿಗೆ ಮೊದಲು ಬಂದವನು ಪ್ರವೀಣ, ಒಂಬತ್ತನೇ ಕ್ಲಾಸು. ಅವನೂ ಅವನ ತಾಯಿ ರೇಣುಕಳೂ ಅವಳ ಅಣ್ಣ ಹಾಲಪ್ಪನ ಮನೆಯಲ್ಲಿದ್ದರು. ಪ್ರವೀಣನ ಅಪ್ಪ ತಿಪ್ಪೇಸ್ವಾಮಿ ಜಗಳೂರಿನವನು. ಹುಡುಗ ಇನ್ನೂ ತೊಟ್ಟಿಲಲ್ಲಿರುವಾಗ ಹೆಂಡತಿಯನ್ನು ತವರಿಗೆ ಕಳಿಸಿದವನು ಮತ್ತೆ ಕರೆಯಲು ಬರಲಿಲ್ಲ. ಅಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ ಎಂದು ಊರಿಗೆಲ್ಲ ಗೊತ್ತು. ಗೊತ್ತು ಎಂದೇ ಯಾರೂ ಮಾತೆತ್ತುತ್ತಿರಲಿಲ್ಲ.

ಗ್ರಂಥಾಲಯದ ಸದಸ್ಯನಾಗಲು ಒಂದು ಅರ್ಜಿ ತುಂಬಬೇಕು. ಪ್ರವೀಣ ತನ್ನ ಹೆಸರು ಬರೆದ, ಕ್ಲಾಸು ಬರೆದ. 'ತಂದೆಯ ಹೆಸರು' ಎಂಬ ಜಾಗಕ್ಕೆ ಬಂದು ಪೆನ್ನು ಎತ್ತಿದ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ನಾನೇ ಅರ್ಜಿಯನ್ನು ಎಳೆದುಕೊಂಡು, "ಇರ್ಲಿ ಬಿಡಪ್ಪ, ಉಳಿದಿದ್ದು ನಾನು ಬರ್ಕಂತೀನಿ. ನೀನು ಪುಸ್ತಕ ತಗ" ಅಂದೆ. ಅವನು ಹೋದ ಮೇಲೆ ಆ ಜಾಗದಲ್ಲಿ 'ಹಾಲಪ್ಪ' ಎಂದು ಬರೆದೆ. ಸಾಕಿದವನು ಹಾಲಪ್ಪನೇ. ಸೋದರಮಾವನ ಹೆಸರಿನಲ್ಲಿ ಬೆಳೆದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಖಾಲಿ ಬಿಟ್ಟರೆ ನಾಳೆ ಯಾರಾದರೂ ಕೇಳಿ ಹುಡುಗನಿಗೆ ನೋವಾದೀತು ಎಂಬುದು ನನ್ನ ಎಣಿಕೆ. ದೊಡ್ಡ ಉಪಕಾರ ಮಾಡಿದವಳ ಹಾಗೆ ಅವತ್ತು ಮನೆಗೆ ಹೋದೆ.

ಪ್ರವೀಣ ಎರಡು ತಿಂಗಳಲ್ಲಿ ಹನ್ನೊಂದು ಕಾದಂಬರಿ ಓದಿದ. ಹನ್ನೆರಡನೆಯದು, ನಂಬರು ೮೧೨, ಅಪ್ಪನನ್ನು ಹುಡುಕಿಕೊಂಡು ಹೋಗುವ ಹುಡುಗನ ಕಥೆ. ಒಂದು ದಿನ ಓಡುತ್ತಾ ಬಂದ.

"ಅಮ್ಮಾರೇ, ಇದರಾಗೆ ಕೊನೇ ಮೂರು ಹಾಳೆ ಇಲ್ಲ! ಹುಡುಗ ಅಪ್ಪನ ಅಂಗಡಿ ಮುಂದೆ ನಿಂತವ್ನೆ. ಅಲ್ಲಿಗೇ ಹರ್ದೋಗೈತೆ."

ನಾನು ಓದುವಾಗ ಆ ಹಾಳೆಗಳಿದ್ದವು. ನಡುವೆ ಓದಿದ ಯಾರೋ ಹರಿದಿದ್ದರು. ಹೀಗಾದಾಗ ನನ್ನದೊಂದು ಪದ್ಧತಿ ಇತ್ತು. ಅದೇ ಪುಸ್ತಕದ ಇನ್ನೊಂದು ಪ್ರತಿ ಹುಡುಕಿ, ಹೋದ ಹಾಳೆಗಳನ್ನು ಕೈಯಲ್ಲೇ ಬರೆದುಕೊಂಡು ಬಂದು, ಮೈದಾ ಗಂಜಿಯಿಂದ ಅಂಟಿಸುತ್ತಿದ್ದೆ.

"ಕೊನೇಗೆ ಏನಾತು, ಬಾಯಲ್ಲಿ ಹೇಳ್ರಿ" ಅಂದ.

"ಬಾಯಲ್ಲಿ ಹೇಳಿದ್ರೆ ಕೆಡುತ್ತೆ ಕಣಪ್ಪ. ಹೊನ್ನಾಳಿ ಲೈಬ್ರರಿಗೂ ಇದೇ ಪೆಟ್ಟಿಗೆ ಬಂದಿರುತ್ತೆ. ಬರೋ ವಾರ ಹೋಗಿ ಬರ್ಕಂಡು ಬರ್ತೀನಿ. ಅಲ್ಲಿ ತನಕ ಪುಸ್ತಕ ನಿನ್ ಹತ್ರನೇ ಇರ್ಲಿ."

ಆ ವಾರ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಹೊನ್ನಾಳಿಯೇನು ದೂರವಲ್ಲ, ಬಸ್ಸಿಗೇನು ಬರವಿಲ್ಲ. ಅಲ್ಲಿಯ ಗ್ರಂಥಪಾಲಕರು ಲೈಬ್ರರಿ ವಿಷಯದಲ್ಲೇ ಪದವಿ ಓದಿದವರು, ನನ್ನ ಗಂಜಿಯ ಕೆಲಸ ಕೇಳಿ ನಗುತ್ತಾರೇನೋ ಎಂದು ನಾಚಿಕೆ. ಕಾರಣ ಅಷ್ಟೇ. ನಾಚಿಕೆ ಬಹಳ ಮೆತ್ತನೆಯ ಗುಣ ಎಂದು ಜನ ಹೊಗಳುತ್ತಾರೆ. ಅದು ಇನ್ನೊಬ್ಬರನ್ನು ಕಾಯಿಸುತ್ತದೆ ಎಂದು ಯಾರೂ ಹೇಳುವುದಿಲ್ಲ.

ಮೂರನೆಯ ವಾರ ಹೊಸದಾಗಿ ಬಂದ ಪಿಡಿಓ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ರಿಜಿಸ್ಟರ್ ನೋಡಿದರು. "ಪುಸ್ತಕ ವಾಪಸು ಕೊಡದವರ ಹೆಸರನ್ನ ಹೊರಗಿನ ಬೋರ್ಡಿಗೆ ಹಾಕಿ. ಮರ್ಯಾದೆಗಾದರೂ ತಂದುಕೊಡ್ತಾರೆ." ನಲ್ಲಿ ನೀರು ಬಿಡುವ ಹೊತ್ತು, ಗ್ರಾಮಸಭೆಯ ದಿನ ಬರೆಯುವ ಕರಿ ಹಲಗೆ ಅದು. ರಿಜಿಸ್ಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಏಳು ಸಾಲು ಬರೆದೆ. ಅದರಲ್ಲಿ ಒಂದು ಸಾಲು: ಪ್ರವೀಣ, ತಂದೆ ಹಾಲಪ್ಪ, ಪುಸ್ತಕ ಸಂಖ್ಯೆ ೮೧೨. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಗೆರೆ ಸೊಟ್ಟಗಾಗದಂತೆ ನೋಡಿಕೊಳ್ಳುವುದರಲ್ಲೇ ಮಗ್ನಳಾಗಿದ್ದೆ.

ನಾಲ್ಕನೆಯ ದಿನ ಬೆಳಗ್ಗೆ, ಡೈರಿಗೆ ಹಾಲು ಹಾಕಿ ಬಂದವರು ಹಲಗೆಯ ಮುಂದೆ ನಿಂತಿದ್ದಾಗ, ಪ್ರವೀಣ ಶಾಲೆಗೆ ಹೋಗುತ್ತಿದ್ದ. ಅವನ ಓರಗೆಯವನೊಬ್ಬ ಕೂಗಿದ.

"ಏನಲೇ ಪ್ರವೀಣ, ಹಾಲಪ್ಪ ನಿಂಗೆ ಮಾವನೋ ಅಪ್ಪನೋ? ಸರ್ಕಾರದ ಬೋರ್ಡ್ನಾಗೇ ಐತೆ ನೋಡು!"

ಇಬ್ಬರು ದೊಡ್ಡವರೂ ನಕ್ಕರು. ರೇಣುಕ ಹಾಲಪ್ಪನ ಒಡಹುಟ್ಟಿದವಳು. ಆ ಮಾತು ಎಂಥ ಹೊಲಸು ಮಾತು ಎಂದು ನಿಮಗೆ ದೊಡ್ಡವರಾದ ಮೇಲೆ ತಿಳಿಯುತ್ತದೆ. ಹದಿನೈದು ವರ್ಷದ ಹುಡುಗನಿಗೆ ಅಲ್ಲೇ, ಆಗಲೇ ತಿಳಿಯಿತು.

ಹತ್ತು ಗಂಟೆಗೆ ನಾನು ಬೀಗ ತೆಗೆಯುವಷ್ಟರಲ್ಲಿ ರೇಣುಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅವನ ಸ್ಕೂಲ್ ಬ್ಯಾಗು.

"ಗೌರಕ್ಕ, ಬ್ಯಾಗು ಮನೇಲಿ ಬಿಸಾಕಿ ಹೋಗ್ಯಾನೆ. ಅಣ್ಣ ಹೊಳೆ ದಂಡೆಗೆ ನೋಡಾಕೆ ಹೋದ. ನಾನು ಜಗಳೂರಿಗೆ ಹೋಗ್ಲಾ? ಆ ಮನೆ ಬಾಗ್ಲಿಗೆ ಹೆಂಗೆ ಹೋಗ್ಲಿ ಹೇಳು?"

ಹೊಳೆ ಎಂದ ಕೂಡಲೇ ನನ್ನ ಕೈಯ ಬೀಗ ಕೆಳಗೆ ಬಿತ್ತು. "ನಾನೇ ಬರ್ದಿದ್ದು ರೇಣುಕ" ಅಂದೆ.

"ಗೊತ್ತು. ಊರಾಗೆ ಅಂಥ ಅಕ್ಷರ ಇನ್ನ್ಯಾರ್ದೈತೆ? ಬೈಯಾಕೆ ಆಮ್ಯಾಲೆ ಬರ್ತೀನಿ. ಈಗ ಅವನು ಎಲ್ಲಿ ಹೋದ ಹೇಳು. ನಿನ್ ಹತ್ರ ಮಾತಾಡ್ತಿದ್ದ."

ಬ್ಯಾಗು ತೆಗೆದು ನೋಡಿದೆ. ಪಠ್ಯಪುಸ್ತಕ ಎಲ್ಲ ಇದ್ದವು. ನಂಬರು ೮೧೨ ಇರಲಿಲ್ಲ. ಸಾಯಲು ಹೋಗುವವನು, ವಾಪಸು ಕೊಡಬೇಕಾದ ಪುಸ್ತಕ ಹಿಡಿದುಕೊಂಡು ಹೋಗುವುದಿಲ್ಲ, ಕೊನೆಯ ಹಾಳೆ ಹುಡುಕಿಕೊಂಡು ಹೊನ್ನಾಳಿಗೇ ಹೋಗಿರಬೇಕು ಎಂದು ನನ್ನ ಮನಸ್ಸು ಹೇಳಿತು. ಅಲ್ಲಿಗೆ ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. "ಊರಲ್ಲೇ ಇರು, ಅವನು ಬಂದ್ರೆ ಮನೇಲಿ ಯಾರಾದ್ರೂ ಇರ್ಬೇಕು" ಎಂದು ಅವಳಿಗೆ ಹೇಳಿ, ನ್ಯಾಮತಿ ಬಸ್ಸು ಹತ್ತಿ, ಅಲ್ಲಿ ಇಳಿದು ಹೊನ್ನಾಳಿ ಬಸ್ಸು ಹಿಡಿದೆ.

ಹೊನ್ನಾಳಿ ಲೈಬ್ರರಿಗೆ ಊಟದ ಬಿಡುವು, ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಪ್ರವೀಣ ಕೂತಿದ್ದ. ನಾನೂ ಅವನ ಪಕ್ಕದಲ್ಲೇ ಕೂತೆ. ಮೊದಲು ರೇಣುಕಳಿಗೆ ಫೋನು ಮಾಡಿ, "ಸಿಕ್ಕ" ಅಂದೆ. ಅವಳು ಅಳುವುದನ್ನು ಅವನಿಗೂ ಕೇಳಿಸಿದೆ. ಆಮೇಲೆ ಎದುರಿನ ಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದೆ. ಇಬ್ಬರೂ ಸೇರಿ ಅರ್ಧ ಪೊಟ್ಟಣ ಮುಗಿಸಿದೆವು.

"ಜಗಳೂರಿಗೆ ಹೋಗ್ಬೇಕು ಅಂತ ಬಂದೆ" ಎಂದ. "ದಾವಣಗೆರೆ ಬಸ್ಸು ಬಂತು. ಹತ್ಲಿಲ್ಲ. ಈ ಹುಡುಗ ಏನ್ ಮಾಡಿದ ನೋಡ್ಕಂಡು ಹೋಗಾನ ಅಂತ."

"ತಪ್ಪು ನಂದು ಕಣಪ್ಪ. ಒಂದಲ್ಲ, ಎರಡು. ಹಾಳೆ ತರಲಿಲ್ಲ. ನಿನ್ನ ಕೇಳ್ದೆ ಹೆಸರು ಬರೆದೆ. ಖಾಲಿ ಬಿಟ್ರೆ ನಿಂಗೆ ನೋವಾಗುತ್ತೆ ಅಂದ್ಕಂಡೆ."

ಅವನು ನನ್ನ ಮುಖ ನೋಡಲಿಲ್ಲ. "ಅದು ಖಾಲಿ ಅಲ್ಲಮ್ಮಾರೇ. ನಾನು ಇನ್ನೂ ಬರ್ದಿರ್ಲಿಲ್ಲ ಅಷ್ಟೆ."

ಮಕ್ಕಳೇ, ಹದಿನೆಂಟು ವರ್ಷದ ನೌಕರಿಯಲ್ಲಿ ನನಗೆ ಯಾರೂ ಅಂಥ ಪಾಠ ಹೇಳಿರಲಿಲ್ಲ.

ಬಾಗಿಲು ತೆರೆಯಿತು. ಹರಿದ ಪುಸ್ತಕ ತೋರಿಸಿ, ಹೋದ ಹಾಳೆ ಬರೆದುಕೊಂಡು ಅಂಟಿಸುತ್ತೇನೆ ಅಂದಾಗ ಗ್ರಂಥಪಾಲಕರು ತಮ್ಮ ಪ್ರತಿ ತೆಗೆದುಕೊಟ್ಟರು. "ಕೈಯಲ್ಲೇ ಬರಿತೀರೇನಮ್ಮಾ? ಎದುರಿಗೇ ಜೆರಾಕ್ಸ್ ಅಂಗಡಿ ಐತಲ್ಲ!" ಎಂದು ನಕ್ಕರು. ನಾನು ಹೆದರಿದ್ದ ನಗು ಇಷ್ಟೇ ಇತ್ತು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಸೆರಗು ಸರಿಮಾಡಿಕೊಳ್ಳುತ್ತಾ ಜೆರಾಕ್ಸಿಗೆ ಹೊರಡುವಷ್ಟರಲ್ಲಿ ಪ್ರವೀಣ ಅಂದ: "ಬ್ಯಾಡ್ರಿ. ನಾನೇ ಬರಿತೀನಿ. ನೀವು ಓದ್ರಿ."

ನಾನು ಮೆಲ್ಲಗೆ ಓದಿದೆ, ಅವನು ಬರೆದ. ಅಪ್ಪನ ಅಂಗಡಿ ಮುಂದೆ ನಿಂತ ಆ ಹುಡುಗನನ್ನು ಅಪ್ಪ, ಗಿರಾಕಿ ಎಂದುಕೊಂಡು, ಏನು ಬೇಕಿತ್ತು ಎಂದು ಕೇಳುತ್ತಾನೆ. ಹುಡುಗ ಗಂಟೆ ಎಷ್ಟಾಯಿತು ಎಂದು ಕೇಳಿ, ತಿಳಿದುಕೊಂಡು, ತಾನು ಯಾರೆಂದು ಹೇಳದೆ ಹೊರಟುಹೋಗುತ್ತಾನೆ. ಬಸ್ ನಿಲ್ದಾಣದಲ್ಲಿ ಒಬ್ಬನೇ ನಿಂತು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಪ್ರವೀಣ ಪೆನ್ನು ಕೆಳಗಿಟ್ಟ. "ಇಷ್ಟೇನಾ? ಟೈಮ್ ಕೇಳಾಕೆ ಅಷ್ಟು ದೂರ ಹೋದ್ನಾ? ಪೆಕರ!"

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಬೆಳಗಿನಿಂದ ಮೊದಲ ಸಲ.

"ನಾನಾಗಿದ್ರೆ ನಾನು ಯಾರು ಅಂತ ಹೇಳೇ ಬರ್ತಿದ್ದೆ" ಎಂದ.

"ಹೇಳುವಿಯಂತೆ. ಆದ್ರೆ ಮನೇಲಿ ಹೇಳಿ ಹೋಗು. ಈ ಪುಸ್ತಕದ ಹುಡುಗಂಗೆ ಕಾಯೋರು ಯಾರೂ ಇರ್ಲಿಲ್ಲ. ನಿನ್ನ ಮಾವ ಬೆಳಗ್ಗಿಂದ ಹೊಳೆ ದಂಡೇಲಿ ಹುಡುಕ್ತಿದ್ದ."

ಅವನು ನನ್ನ ಫೋನು ಕೇಳಿ ತೆಗೆದುಕೊಂಡು, ಮಾವನಿಗೆ ತಾನೇ ಮಾಡಿದ. "ಮಾವ, ನಾನು. ಹೊನ್ನಾಳಿ ಲೈಬ್ರರಿ ಹತ್ರ ಇದೀನಿ. ಬಾ." ಹಾಲಪ್ಪ ಗಾಡಿ ತಂದಾಗ ಅವನ ಪಂಚೆ ಮೊಣಕಾಲಿನ ತನಕ ಒದ್ದೆಯಾಗಿತ್ತು. ಹುಡುಗನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. "ಹತ್ತಲೇ" ಅಂದ, ಅಷ್ಟೇ.

ಮರುದಿನ ಬೆಳಗ್ಗೆ ಹಾಲಿನ ಹೊತ್ತಿಗೇ ನಾನು ಹಲಗೆಯ ಮುಂದೆ ನಿಂತೆ. ಏಳು ಸಾಲನ್ನೂ ಒರೆಸಿ ಬರೆದೆ: 'ಪುಸ್ತಕ ಸಂಖ್ಯೆ ೮೧೨ ತಡವಾದದ್ದು ನನ್ನಿಂದ. ಪ್ರವೀಣನ ತಂದೆಯ ಹೆಸರನ್ನು ಅವನನ್ನು ಕೇಳದೆ ತಪ್ಪಾಗಿ ಬರೆದದ್ದೂ ನಾನೇ. ಗೌರಮ್ಮ, ಗ್ರಂಥಾಲಯ.' ನನ್ನ ಜೀವನದಲ್ಲಿ ಅಷ್ಟು ಸೊಟ್ಟ ಅಕ್ಷರ ಬರೆದದ್ದು ಅದೊಂದೇ ಸಲ. ಹಾಲಪ್ಪ ಕ್ಯಾನು ಹಿಡಿದುಕೊಂಡು ಬಂದು ಓದಿದ. ಎಲ್ಲರೂ ಓದಿ ಹೋಗುವ ತನಕ ನನ್ನ ಪಕ್ಕದಲ್ಲಿ ನಿಂತು, ಆಮೇಲೆ, "ನಡಿಯಕ್ಕ, ಬಿಸಿಲು ಬಂತು" ಅಂದ.

ಪಿಡಿಓ ಬಂದು ಅಳಿಸಿ ಅಂದರು. "ನಾಲ್ಕು ದಿನ ಇರ್ಲಿ ಸಾರ್, ಅವನ ಹೆಸರೂ ನಾಲ್ಕು ದಿನ ಇತ್ತು" ಅಂದೆ. ಅಧಿಕಾರಿಯೊಬ್ಬರಿಗೆ ಎದುರು ಮಾತಾಡಿದ್ದು ನನಗೇ ಆಶ್ಚರ್ಯ. ಅವರು ಹಲಗೆಯನ್ನು ಇನ್ನೊಮ್ಮೆ ಓದಿ, "ಆಗ್ಲಿ" ಎಂದರು. ರೇಣುಕ ಬೈಯಲು ಬರುತ್ತೇನೆ ಎಂದಿದ್ದಳಲ್ಲ, ಬಂದಳು. ಬೈಯುವ ಬದಲು ಒಂದು ಡಬ್ಬಿ ಹುರಿದ ಶೇಂಗಾ ಮೇಜಿನ ಮೇಲೆ ಇಟ್ಟು ಹೋದಳು.

ಅರ್ಜಿಯಲ್ಲಿ 'ಹಾಲಪ್ಪ' ಎಂಬುದನ್ನು ಬ್ಲೇಡಿನಿಂದ ಕೆರೆದು ತೆಗೆದೆ. ವರ್ಷದ ತಪಾಸಣೆಗೆ ಬಂದ ಸಾಹೇಬರು ಆ ಜಾಗ ತೋರಿಸಿ, "ಇದೇನಮ್ಮ, ಖಾಲಿ?" ಅಂದರು. "ಅದು ಅವನು ತುಂಬಬೇಕಾದದ್ದು ಸಾರ್. ತುಂಬ್ತಾನೆ" ಅಂದೆ.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಪ್ರವೀಣ, ತಾಯಿಗೆ ಹೇಳಿ, ಮಾವನ ಜೊತೆ ಜಗಳೂರಿಗೆ ಹೋಗಿ ಬಂದ. ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಅವನೇ ಹೇಳಿದ್ದು ಇಷ್ಟು: "ಚಾ ಕುಡಿಸಿದ್ರು. ನಾನು ಯಾರು ಅಂತ ಹೇಳ್ದೆ. ಮಾವ ಹೊರಗೆ ಗಾಡಿ ಮ್ಯಾಲೆ ಕೂತಿದ್ದ." ಆಮೇಲೆ ಅರ್ಜಿ ಕೇಳಿ ತೆಗೆದುಕೊಂಡು, ನಾನು ಕೆರೆದು ತೆಳ್ಳಗಾಗಿದ್ದ ಜಾಗದಲ್ಲಿ ಹುಷಾರಾಗಿ 'ತಿಪ್ಪೇಸ್ವಾಮಿ' ಎಂದು ಬರೆದ. ಅದರ ಕೆಳಗೆ, ಅರ್ಜಿಯಲ್ಲಿ ಯಾರೂ ಕೇಳದ ಒಂದು ಸಾಲನ್ನು ತಾನೇ ಸೇರಿಸಿದ: 'ಮನೆ: ಹಾಲಪ್ಪನವರದು.'

ಮಕ್ಕಳ ಬದುಕಿನಲ್ಲಿ ಬಿಟ್ಟಿರುವ ಜಾಗವನ್ನು ಪ್ರೀತಿಯಿಂದಲೇ ಆದರೂ ನಾವು ತುಂಬಬಾರದು, ಅವರು ಬರೆಯುವ ತನಕ ಹತ್ತಿರ ಕೂತಿರಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದು. ನಿಮ್ಮಪ್ಪನ ವಿಷಯದಲ್ಲಿ ಅದು ತಡವಾಗಿ ಹೋಯಿತು. ತೇಜು, ನಿನಗೆ ಬರುವ ವರ್ಷ ಹದಿಮೂರು. ಒಂದು ದಿನ ನೀನೂ ಬಾಗಿಲು ಹಾಕಿಕೊಂಡು ಯಾರ ಹತ್ತಿರವೂ ಮಾತಾಡದೆ ಕೂರುತ್ತೀಯೇನೋ. ನಿವೃತ್ತಿಯಾದ ಮೇಲೆ ನಿಮ್ಮ ಜೊತೆಗಿರುವ ಈ ಚನ್ನಗಿರಿ ಮನೆಯಲ್ಲಿ ಆಗ ನಾನಿದ್ದರೆ ಬಾಗಿಲ ಹೊರಗೆ ಕೂತಿರುತ್ತೇನೆ, ಏನೂ ಕೇಳುವುದಿಲ್ಲ.

ನಂಬರು ೮೧೨ ಈಗಲೂ ಆ ಬೀರಿನಲ್ಲಿದೆ. ಕೊನೆಯ ಮೂರು ಹಾಳೆ ಪ್ರವೀಣನ ಕೈಬರಹ, ಗಂಜಿ ನನ್ನದು. ಈ ನನ್ನ ಹಾಳೆಗಳಿಗೆ ಮಾತ್ರ ಇನ್ನೊಂದು ಪ್ರತಿ ಎಲ್ಲೂ ಇಲ್ಲ, ಹೊನ್ನಾಳಿಯಲ್ಲೂ ಇಲ್ಲ. ಜೋಪಾನವಾಗಿ ಇಟ್ಟುಕೊಳ್ಳಿ. ಅದರಲ್ಲೂ ಈ ಕೊನೆಯದನ್ನು.